ಮುಂಡಾಸಿನ ಬಣ್ಣ ಒಗೆದವರನ್ನು ಕೇಳಿ

ಅಕ್ಕನ ಮಗನ ಮದುವೆಗೆ ಫೇಟಾ ಕಟ್ಟಲು ಬಂದ ಹುಡುಗ ಮಂಟಪದ ಮೂಲೆಯಲ್ಲಿ ಚೀಲ ಬಿಚ್ಚುತ್ತ ಭಾವನವರನ್ನು ಮರಾಠಿಯಲ್ಲಿ ಕೇಳಿದ: "ಕಾಕಾ, ನಿಮ್ಮ ಸಮಾಜದ ಬಣ್ಣ ಯಾವುದು?" ಭಾವ ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವರು, ಕನ್ನಡ ಮರಾಠಿ ಎರಡರಲ್ಲೂ ಸಮನಾಗಿ ಜಗಳವಾಡಬಲ್ಲವರು. ಈ ಪ್ರಶ್ನೆಗೆ ಮಾತ್ರ ಸುಮ್ಮನೆ ನಿಂತುಬಿಟ್ಟರು. ಹುಡುಗ ಮೊಬೈಲ್ ತೆಗೆದು ಫೋಟೋ ತೋರಿಸಿದ. ಕೇಸರಿ, ಗುಲಾಬಿ, ಬಾಂಧಣಿ, ಕಡುನೀಲಿ, ಹಸಿರು. ಒಂದೊಂದು ಸಮಾಜಕ್ಕೆ ಒಂದೊಂದು ಎಂದು ಅವನ ಲೆಕ್ಕ. ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು "ಕೇಸರಿ ಕಟ್ಟಪ್ಪ, ಯಾರೂ ಏನೂ ಅನ್ನುವುದಿಲ್ಲ" ಎಂದರು. ಪಕ್ಕದವರು "ಕೇಸರಿ ಕಟ್ಟಿದರೆ ಎಲ್ಲರೂ ಏನಾದರೂ ಅನ್ನುತ್ತಾರೆ" ಎಂದರು. ಕೊನೆಗೆ ಮದುಮಗಳ ಸೀರೆಗೆ ಹೊಂದುತ್ತದೆಂದು ಗುಲಾಬಿ ನಿಕ್ಕಿಯಾಯಿತು. ಊಟವಾಯಿತು, ಉಡುಗೊರೆ ಕೊಡುವ ಆಯೇರಿಯಾಯಿತು, ಫೇಟಾಗಳು ಮತ್ತೆ ಚೀಲ ಸೇರಿ ಮುಂದಿನ ಮದುವೆಗೆ ಹೊರಟುಹೋದವು.

ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಅಷ್ಟು ಸಾಲದೆಂಬಂತೆ ಅದೇ ರಾತ್ರಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದರು. ಕೇಸರಿ ಎಂದರೆ ಶೌರ್ಯ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ, ಹಳದಿ ಎಂದರೆ ಜ್ಞಾನ. ಔಷಧಿ ಅಂಗಡಿಯ ಕ್ಯಾಲೆಂಡರಿನ ಹಿಂದೆ ಅಚ್ಚು ಹಾಕಬಹುದಾದಷ್ಟು ಚೊಕ್ಕಟವಾದ ಪಟ್ಟಿ. ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ಬಾವಿ ಕಟ್ಟೆ. ಏಕೆಂದರೆ ರುಮಾಲಿನ ಬಣ್ಣದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ನಾನು ಕಲಿತದ್ದು ಅದನ್ನು ಒಗೆಯುವವರ ಪಕ್ಕದಲ್ಲಿ ಕುಳಿತು.

ಬಿಳಿಯ ಮೇಲೆ ಬಿದ್ದದ್ದು

ನಮ್ಮ ಮುತ್ಯಾ, ಎಂದರೆ ಅಜ್ಜನ, ಮುಂಡಾಸು ಬಿಳಿ. ಅಕ್ಕಲಕೋಟ ತಾಲೂಕಿನ ನಮ್ಮ ಊರಿನಲ್ಲಿ ಆ ಕಾಲದ ಒಕ್ಕಲಿಗರದು ಬಹುತೇಕ ಬಿಳಿಯೇ. ಕುರಿ ಸಾಕುವವರ ಮನೆಯ ಹಿರಿಯರು ಕೆಲವರು ಕೆಂಪು ಸುತ್ತುತ್ತಿದ್ದರು. ಅದು ದೂರದಿಂದಲೇ ಕಾಣುತ್ತಿತ್ತು. ಬಿಳಿ ಎಂದೆನಲ್ಲ, ಅದು ಅಂಗಡಿಯ ಬಿಳಿಯಲ್ಲ. ಎರೆಮಣ್ಣಿನ ಧೂಳು, ಜೋಳದ ರಾಶಿಯ ಹೊಟ್ಟು, ಎತ್ತಿನ ಮೈ, ಬೆವರು ಎಲ್ಲ ಸೇರಿ ಹದಿನೈದು ದಿನಕ್ಕೆ ಅದು ತನ್ನದೇ ಒಂದು ಬಣ್ಣಕ್ಕೆ ಬರುತ್ತಿತ್ತು. ನಮ್ಮ ಅಜ್ಜಿ ಆಯಿ ಅದನ್ನು ಸವಳು ಮಣ್ಣು ಹಾಕಿ ಕುದಿಸಿ, ಕಲ್ಲಿನ ಮೇಲೆ ಒಗೆದು, ಕೊನೆಯ ನೀರಿಗೆ ಚಿಟಿಕೆ ನೀಲಿ ಬೆರೆಸಿ, ಗಂಜಿ ಕೊಟ್ಟು, ಉದ್ದನೆಯ ಆ ಬಟ್ಟೆಯನ್ನು ನಾನೊಂದು ತುದಿ ಅವಳೊಂದು ತುದಿ ಹಿಡಿದು ಹಿಂಡಿ, ಬೇಲಿಯ ಉದ್ದಕ್ಕೂ ಹರವುತ್ತಿದ್ದಳು. ಆ ಬಿಳಿಯೊಳಗೆ ನೀಲಿ ಇತ್ತು ಎಂಬುದು ಒಗೆದವರಿಗಷ್ಟೇ ಗೊತ್ತಿದ್ದ ಸಂಗತಿ.

ವರ್ಷಕ್ಕೊಮ್ಮೆ ಅದರ ಮೇಲೆ ಬೇರೆಯದೇ ಬಣ್ಣ ಬೀಳುತ್ತಿತ್ತು. ದೀಪಾವಳಿ ಅಮಾವಾಸ್ಯೆಗೆ ಮುತ್ಯಾ ಓಣಿಯ ಗಂಡಸರೊಂದಿಗೆ ಹುಲಜಂತಿಗೆ ಹೋಗುತ್ತಿದ್ದರು. ಮಂಗಳವೇಢೆ ತಾಲೂಕಿನ ಈ ಊರಿನ ಮಾಳಿಂಗರಾಯನ ಬಗ್ಗೆ ಡೊಳ್ಳಿನ ಪದ ಕೇಳಿ ಬೆಳೆದವರಿಗೆ ನಾನು ಹೇಳಬೇಕಾದದ್ದಿಲ್ಲ. ಉಳಿದವರಿಗೆ ಇಷ್ಟು ಸಾಕು: ಅಮಾವಾಸ್ಯೆಯ ಆ ರಾತ್ರಿ ಶಿವ ಪಾರ್ವತಿಯರೇ ಇಳಿದು ಬಂದು ಗುಡಿಯ ಶಿಖರಕ್ಕೆ ಮುಂಡಾಸು ಸುತ್ತಿ ಹೋಗುತ್ತಾರೆ ಎಂಬುದು ಭಕ್ತರ ನಂಬಿಕೆ. ಅದನ್ನು ನೋಡಲು ಮಹಾರಾಷ್ಟ್ರ, ಕರ್ನಾಟಕಗಳಿಂದ, ತೆಲುಗು ನಾಡಿನಿಂದಲೂ ಜನ ಸೇರುತ್ತಾರೆ. ಮುಂದೆ ಪಲ್ಲಕ್ಕಿಗಳ ಭೇಟಿ. ಹುನ್ನೂರಿನ ಬೀರಪ್ಪ ಗುರು, ಮಾಳಿಂಗರಾಯ ಶಿಷ್ಯ. ಎರಡು ಪಲ್ಲಕ್ಕಿ ಎದುರುಬದುರಾಗುವ ಹೊತ್ತಿಗೆ ಸುತ್ತಲಿನಿಂದ ಭಂಡಾರ ಎರಚುತ್ತಾರೆ. ಆಕಾಶ, ನೆಲ, ಡೊಳ್ಳು, ಗಡ್ಡ ಎಲ್ಲ ಅರಿಸಿನ. ಜಗತ್ತಿನಲ್ಲಿ ದೇವರಿಗೆ ಕಿರೀಟ ಇಡುವವರು ಬಹಳ. ಇಲ್ಲಿ ದೇವರೇ ದೇವರಿಗೆ ಕುರುಬನ ತಲೆಯ ಮೇಲಿನ ಬಟ್ಟೆಯನ್ನು ಸುತ್ತುತ್ತಾನೆ. ಮುಂಡಾಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ಧರ್ಮ ಕೊಟ್ಟಿದೆಯೋ ನಾನರಿಯೆ.

ಮುತ್ಯಾ ಮರಳಿ ಬಂದಾಗ ತಲೆ ಹಳದಿಯಾಗಿರುತ್ತಿತ್ತು. ಆ ಭಂಡಾರವನ್ನು ಕೂಡಲೇ ಒಗೆಯುವಂತಿರಲಿಲ್ಲ. ಮೊದಲು ಅಂಗಳದಲ್ಲಿ ನಿಂತು ಮುಂಡಾಸು ಬಿಚ್ಚಿ, ಮಡಿಕೆಯಲ್ಲಿ ಉಳಿದ ಪುಡಿಯನ್ನು ಎತ್ತುಗಳ ಹಣೆಗೆ, ನಮ್ಮ ಹಣೆಗೆ, ಕಣಜಕ್ಕೆ ಹಚ್ಚುತ್ತಿದ್ದರು. ಆಮೇಲೆ ಕೆಲವು ದಿನ ಅದನ್ನೇ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಆಯಿಯ ಕೈಗೆ ಅದು ಬರುವ ಹೊತ್ತಿಗೆ ನಾನು ಕಾಯುತ್ತಿದ್ದುದು ಒಂದೇ ಕ್ಷಣಕ್ಕೆ. ಸವಳು ನೀರಿನಲ್ಲಿ ಅದ್ದಿದ ಕೂಡಲೇ ಹಳದಿ ಬಟ್ಟೆ ರಕ್ತದಂತೆ ಕೆಂಪಾಗುತ್ತಿತ್ತು. ಅರಿಸಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ಮನೆಗಳಲ್ಲಿ ಇದು ಹೊಸ ವಿಷಯವೇನಲ್ಲ. ಮಗುವಾಗಿದ್ದ ನನಗೆ ಮಾತ್ರ ಅದು ಮಾಳಿಂಗರಾಯನದೇ ಆಟ. ಜಾಲಿಸಿದಂತೆ ಕೆಂಪು ಇಳಿದು ಹಳದಿ ಮರಳುತ್ತಿತ್ತು. ಅದನ್ನು ಆಯಿ ಉಜ್ಜುತ್ತಿರಲಿಲ್ಲ. "ಅದು ಸೂರ್ಯನ ಕೆಲಸ, ನಮ್ಮದಲ್ಲ" ಎಂದು ಬಿಸಿಲಿಗೆ ಹಾಕಿಬಿಡುತ್ತಿದ್ದಳು. ನಿಜಕ್ಕೂ ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮುಂಡಾಸು ಮತ್ತೆ ಬಿಳಿ.

ಸಂಕ್ರಾಂತಿ ಎಂದರೆ ಸೊಲ್ಲಾಪುರದವರಿಗೆ ಗಡ್ಡಾ ಜಾತ್ರೆ. ಸಿದ್ಧರಾಮನ ನಂದಿಕೋಲು ಹೊರುವವರು ಬಿಳಿ ಬಾರಾಬಂದಿ ಅಂಗಿ ತೊಟ್ಟು ಸಾಲುಗಟ್ಟಿದಾಗ ಬೀದಿ ಬೀದಿಯೇ ಬೆಳ್ಳಗಾಗುತ್ತದೆ. ಇತ್ತ ಪಂಢರಪುರದಲ್ಲಿ ವಸಂತ ಪಂಚಮಿಯಿಂದ ರಂಗಪಂಚಮಿಯವರೆಗೆ ವಿಠ್ಠಲನಿಗೇ ಬಿಳಿ ಪೋಷಾಕು ತೊಡಿಸಿ ಅದರ ಮೇಲೆ ಬಣ್ಣ ಎರಚುತ್ತಾರೆ. ನಮ್ಮ ಸೀಮೆಯ ದೇವರುಗಳೂ ಮನುಷ್ಯರೂ ಮೊದಲು ಬಿಳಿ ಉಟ್ಟು ಆಮೇಲೆ ಬಣ್ಣಕ್ಕೆ ತಲೆಕೊಟ್ಟವರು. ಭಂಡಾರ, ಗುಲಾಲು, ಹೊಲದ ಮಣ್ಣು. ಬಣ್ಣ ಎಂದರೆ ಆ ತಲೆ ಎಲ್ಲಿಗೆ ಹೋಗಿ ಬಂತು ಎಂಬುದರ ಗುರುತು. ಈ ತಲೆ ಯಾರದು ಎಂಬ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಮದುವೆ ಮಂಟಪದಲ್ಲಿ ಭಾವ ಬಾಯಿ ಕಟ್ಟಿ ನಿಂತದ್ದು ಇದಕ್ಕೇ ಇರಬೇಕು.

ಬಿಳಿಗೇ ಒಂದೇ ಅರ್ಥವಿರಲಿಲ್ಲ. ಮದುವೆಯ ಆಯೇರಿಯಲ್ಲಿ ಬೀಗರು ಸುತ್ತಿದ ರುಮಾಲೂ ಬಿಳಿ, ಮುತ್ಯಾ ತೀರಿಕೊಂಡ ಮೇಲೆ ದಿನಕರ್ಮ ಮುಗಿಸಿ ದೊಡ್ಡ ಕಾಕಾನ ತಲೆಗೆ ಹಿರಿಯರು ಸುತ್ತಿದ ರುಮಾಲೂ ಬಿಳಿ. ಪಂಜಾಬ, ರಾಜಸ್ಥಾನಗಳಲ್ಲೂ ತಂದೆ ಹೋದ ಮೇಲೆ ಹಿರಿಮಗನ ತಲೆಗೆ ಪಗಡಿ ಸುತ್ತಿ ಮನೆಯ ಯಜಮಾನಿಕೆ ಒಪ್ಪಿಸುವ ಶಾಸ್ತ್ರವಿದೆ. ಒಂದೇ ಬಟ್ಟೆ, ಒಂದೇ ಬಣ್ಣ. ಕಟ್ಟುವವರ ಕಣ್ಣಲ್ಲಿ ನೀರಿತ್ತೋ ನಗುವಿತ್ತೋ ಎಂಬುದರ ಮೇಲೆ ಅರ್ಥ.

ಬಣ್ಣಕ್ಕೆ ತಗಲುತ್ತಿದ್ದ ಖರ್ಚು

ಪಟ್ಟಿ ಮಾಡುವವರು ಮರೆಯುವ ಇನ್ನೊಂದು ವಿಷಯವಿದೆ. ಬಣ್ಣ ಎಂದರೆ ದುಡ್ಡು. ನಮ್ಮ ಹಿಂಗಾರಿ ಹೊಲಗಳ ಅಂಚಿಗೆ ಕುಸುಬೆ ಹಾಕುತ್ತಾರಲ್ಲ, ಮುಳ್ಳಿರುವುದರಿಂದ ದನ ಒಳಗೆ ಬರದಿರಲಿ ಎಂದು, ಕಾಳಿನಿಂದ ಎಣ್ಣೆಯೂ ಆಗುತ್ತದೆ ಎಂದು. ಆ ಹೂವಿನ ಎಸಳಿನಲ್ಲಿ ಎರಡು ಬಣ್ಣಗಳಿವೆ. ನೀರಿನಲ್ಲಿ ತೊಳೆದರೆ ಹೊರಟುಹೋಗುವ ಹಳದಿ ಒಂದು; ಅದನ್ನು ಪೂರ್ತಿ ತೊಳೆದುಬಿಟ್ಟು ಕ್ಷಾರದಲ್ಲಿ ನೆನೆಸಿ, ಹುಳಿ ಹಿಂಡಿದಾಗ ಬಟ್ಟೆಗೆ ಹತ್ತುವ ಗುಲಾಬಿ ಕೆಂಪು ಇನ್ನೊಂದು. ಉತ್ತರದ ರಜಪೂತರ ಪೇಟಗಳಿಗೆ ಈ ಕುಸುಬೆಯ ಕೆಂಪು ಬಹಳ ಪ್ರಿಯವಾಗಿತ್ತು. ನೋಡಲು ಬೆಂಕಿ, ಬಾಳಿಕೆಯಲ್ಲಿ ಅರಿಸಿನದ ತಮ್ಮ, ಒಗೆದರೆ ಹೋಯಿತು. ಹಾಗಾಗಿ ಅದನ್ನು ಮತ್ತೆ ಮತ್ತೆ ಬಣ್ಣಕ್ಕೆ ಕೊಡಬಲ್ಲವನು ಮಾತ್ರ ಸುತ್ತುತ್ತಿದ್ದ. ಗಟ್ಟಿ ಕೆಂಪು ಬೇಕಾದರೆ ಮಂಜಿಷ್ಠದ ಬೇರು ಬೇಕು. ಹಸಿರಂತೂ ಎರಡು ಸಲದ ಕೆಲಸ: ಮೊದಲು ನೀಲಿಯ ಹಂಡೆ, ಆಮೇಲೆ ಹಳದಿಯ ಹಂಡೆ. 1869ರ ಹೊತ್ತಿಗೆ ಯುರೋಪಿನಲ್ಲಿ ಮಂಜಿಷ್ಠದ ಕೆಂಪನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಗೊತ್ತಾಯಿತು, ಆ ಶತಮಾನ ಮುಗಿಯುವುದರೊಳಗೆ ನೀಲಿಯೂ ಕಾರ್ಖಾನೆಗೆ ಬಂತು. ಬಣ್ಣ ಅಗ್ಗವಾದ ಮೇಲೆ ಯಾರ ತಲೆಗೆ ಯಾವುದು ಎಂಬ ಹಳೆಯ ಅಂತರಗಳು ಕಲಸಿಹೋದವು. ಒಗೆದರೂ ಹೋಗದ ಬಣ್ಣ ಬಂದ ಮೇಲೆ, ಒಗೆದರೂ ಹೋಗದ ಅರ್ಥಗಳೂ ಬಂದವೋ ಏನೋ.

ರಾಜಸ್ಥಾನದಲ್ಲಿ ಈಗಲೂ ಮಾಸಕ್ಕೊಂದು ಪೇಟ ಇದೆ. ಫಾಲ್ಗುಣಕ್ಕೆ ಬಿಳಿ ಕೆಂಪು, ಶ್ರಾವಣಕ್ಕೆ ಅಲೆ ಅಲೆಯ ಲಹರಿಯಾ, ಸೂತಕಕ್ಕೆ ಮಾಸಲು ಬಣ್ಣಗಳು. ಅಲ್ಲಿ ಪೇಟ ನೋಡಿ ಕಾಲ ಹೇಳಬಹುದು. ಬಿಷ್ಣೋಯಿಗಳ ಬಿಳಿ, ಒಂಟೆ ಕಾಯುವ ರಾಯಿಕರ ಕೆಂಪು, ಹೀಗೆ ಜನವನ್ನೂ ಹೇಳಬಹುದು. ಫೇಟಾ ಹುಡುಗನ ಪ್ರಶ್ನೆಗೆ ಅಲ್ಲಿಯಾದರೆ ಯಾರೂ ತಡವರಿಸುತ್ತಿರಲಿಲ್ಲ.

ಅಂಗಿಗೆ ಹೊಂದಿತು, ಅಷ್ಟೇ

ಧರ್ಮವೇ ಪಗಡಿ ಕಟ್ಟಿಸುವ ಜಾಗಕ್ಕೆ ಹೋದರೆ ಪಟ್ಟಿ ಸರಿಯಾದೀತು ಎಂದು ನೀವು ಹೇಳಬಹುದು. ನಮ್ಮ ಪಕ್ಕದ ಮರಾಠವಾಡದಲ್ಲೇ ಅಂಥ ಜಾಗವಿದೆ. 1708ರಲ್ಲಿ ಗುರು ಗೋವಿಂದ ಸಿಂಗರು ದೇಹ ಬಿಟ್ಟ ನಾಂದೇಡ. ಅತ್ತ ಕಡೆಯ ದೇಗಲೂರು, ಬಿಲೋಲಿಗಳಲ್ಲಿ ಕನ್ನಡ ಮನೆಮಾತಿನ ನೆಂಟರಿರುವುದರಿಂದ ಹೋಗಿ ಬರುವ ದಾರಿ ನಮಗೆ ಹೊಸದಲ್ಲ. 1699ರ ವೈಶಾಖಿಯಲ್ಲಿ ಗುರುವಿನ ಮುಂದೆ ತಲೆಯೊಡ್ಡಿದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬುದನ್ನು ಅಲ್ಲಿ ನೆನೆದಾಗ ಸಣ್ಣದೊಂದು ಹೆಮ್ಮೆಯೂ ಆಗುತ್ತದೆ. ಗುರುದ್ವಾರದಲ್ಲಿ ಗಾಢ ನೀಲಿಯ, ಎತ್ತರದ, ಉಕ್ಕಿನ ಚಕ್ರ ಸಿಕ್ಕಿಸಿದ ದುಮಾಲೆ ಪಗಡಿಗಳ ನಿಹಂಗರನ್ನು, ಸಿಖ್ಖರ ಯೋಧ ಪಂಥದವರನ್ನು, ಕಂಡೆ. ಕೇಸರಿಯವರಿದ್ದರು, ಕಪ್ಪಿನವರಿದ್ದರು, ತೊಂಡೆಹಣ್ಣಿನ ಕೆಂಪಿನವರೂ ಇದ್ದರು. ಚಪ್ಪಲಿ ಇಡುವ ಕಟ್ಟೆಯಲ್ಲಿ ಸೇವೆಗೆ ನಿಂತಿದ್ದ, ತಿಳಿ ನೇರಳೆ ಪಗಡಿಯ ಹಿರಿಯರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ: ಈ ಬಣ್ಣಕ್ಕೆ ಏನರ್ಥ, ಬಾಬಾಜಿ? ಅವರು ತಮ್ಮ ಅಂಗಿಯ ಕಾಲರ್ ಎತ್ತಿ ತೋರಿಸಿ, "ಇವತ್ತಿನ ಅಂಗಿಗೆ ಹೊಂದಿತು, ಅಷ್ಟೇ" ಎಂದು ನಕ್ಕರು.

ಅವರು ಹೇಳಿದ್ದು ಸರಿ. ಕೇಶ ಉಳಿಸಿ ಪಗಡಿ ಕಟ್ಟುವುದು ಸಿಖ್ಖರಿಗೆ ಧರ್ಮ. ಯಾವ ಬಣ್ಣದ್ದು ಎಂಬುದು ಎಲ್ಲರಿಗೂ ಕಟ್ಟಳೆಯಲ್ಲ. ನಿಹಂಗರಿಗೆ ನೀಲಿ, ನಾಮಧಾರಿಗಳಿಗೆ ಹಣೆಗೆ ಅಡ್ಡಲಾಗಿ ಸುತ್ತಿದ ಬಿಳಿ, ಬಲಿದಾನದ ನೆನಪಿಗೆ ಕೇಸರಿ, ಇವು ಅವರವರ ಪಂಥ ಮತ್ತು ಸಂದರ್ಭಗಳ ಬಳಕೆ. ಮನಮೋಹನ ಸಿಂಗ್ ಅವರ ತಿಳಿನೀಲಿ ಪಗಡಿಯನ್ನು ಅವರ ಭಕ್ತಿಗೋ ಪಕ್ಷಕ್ಕೋ ಜೋಡಿಸಿ ನೋಡಿದವರಿದ್ದರು. 2006ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ಅವರೇ ಗುಟ್ಟು ಬಿಟ್ಟುಕೊಟ್ಟರು: ಅದು ತಾವು ಓದಿದ ಕೇಂಬ್ರಿಜ್‌ನ ಬಣ್ಣ, ಅಲ್ಲಿನ ಗೆಳೆಯರು ತಮ್ಮನ್ನು ನೀಲಿ ಪಗಡಿ ಎಂದೇ ಕರೆಯುತ್ತಿದ್ದರು. ಇದಕ್ಕೆ ತಿರುಗುಮುರುಗಾದದ್ದು ಭಗತ್ ಸಿಂಗ್ ಕಥೆ. ಉಳಿದುಬಂದ ಕೆಲವೇ ಫೋಟೋಗಳಲ್ಲಿ ಒಂದರಲ್ಲಿ ತಿಳಿ ಬಣ್ಣದ ಪಗಡಿ, ಇನ್ನೊಂದರಲ್ಲಿ ಎಲ್ಲರೂ ಬಲ್ಲ ಹ್ಯಾಟ್. ಆದರೆ ಚಿತ್ರಕಾರರು ಅವನಿಗೆ ಬಸಂತಿ ಹಳದಿ ಸುತ್ತಿದರು, ಜನ ಅದನ್ನೇ ನಂಬಿದರು. 2022ರ ಮಾರ್ಚಿನಲ್ಲಿ ಅವನ ಪೂರ್ವಜರ ಊರಾದ ಖಟ್ಕಡ್ ಕಲಾಂನಲ್ಲಿ ಪಂಜಾಬಿನ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸಿದಾಗ ಮೈದಾನಕ್ಕೆ ಮೈದಾನವೇ ಹಳದಿಯಾಗಿತ್ತು. ಒಬ್ಬರ ಬಣ್ಣಕ್ಕೆ ಇಲ್ಲದ ಅರ್ಥ ಬಂತು, ಇನ್ನೊಬ್ಬರಿಗೆ ಇಲ್ಲದ ಬಣ್ಣವೇ ಬಂತು.

ಮಾವನ ಹಸಿರು

ಗಡಿಯಲ್ಲಿ ಬದುಕುವವರಿಗೆ ಈ ಗೊಂದಲ ಇನ್ನಷ್ಟು ಹತ್ತಿರದ್ದು. ನನ್ನ ಸೋದರಮಾವ ಇಂಡಿ ತಾಲೂಕಿನವರು. ರೈತ ಸಂಘದ ಸಭೆಗಳಿಗೆ ತಪ್ಪದೆ ಹೋಗುವವರು. ಕರ್ನಾಟಕದಲ್ಲಿ ಹಸಿರು ಶಾಲು ಎಂದರೆ 1980ರಿಂದೀಚೆ ರೈತ ಎಂದೇ ಅರ್ಥ. ಅದಕ್ಕೆ ಹೆದರಿದ ಅಧಿಕಾರಿಗಳೂ ಇದ್ದಾರೆ, ಅದನ್ನು ಹೊದ್ದು ಮತ ಕೇಳಿದ ಮಂತ್ರಿಗಳೂ ಇದ್ದಾರೆ. ಮಾವ ಬಿಸಿಲಿಗೆ ಅದನ್ನೇ ತಲೆಗೆ ಸುತ್ತುತ್ತಿದ್ದರು. ಒಮ್ಮೆ ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ತಂದವರು ನನ್ನನ್ನು ಕಾಣಲು ಬಂದರು, ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆವು. ಅಂಗಡಿಯ ಹುಡುಗ ಲೋಟ ಕೊಡುತ್ತ ಬಹಳ ಗೌರವದಿಂದ, "ಚಾಚಾ, ಹೈದ್ರಾದ ದರ್ಗಾಕ್ಕೆ ಹೊರಟಿರಾ?" ಎಂದ. ಮಾವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಹುಡುಗನ ಕಣ್ಣು ಅಲ್ಲಿಯವರೆಗೆ ಇಳಿಯಲೇ ಇಲ್ಲ, ಹಸಿರಿನಲ್ಲೇ ನಿಂತುಬಿಟ್ಟಿತು. ಮಾವ ಬೇಸರಿಸಲಿಲ್ಲ. "ಹೊರಡಬೇಕಪ್ಪ, ಇವತ್ತಿನ ಉಳ್ಳಾಗಡ್ಡಿ ಧಾರಣೆ ಕೇಳಿದರೆ ಎಲ್ಲ ದೇವರಿಗೂ ಹರಕೆ ಹೊರಬೇಕಾಗಿದೆ" ಎಂದರು. ಹುಡುಗನೂ ನಕ್ಕ.

ಅಂದು ಅದು ನಗೆಯಲ್ಲಿ ಮುಗಿಯಿತು. ಇಂದು ಅದೇ ಹಸಿರು ಸುತ್ತಿಕೊಂಡು ಅದೇ ಜಾಗದಲ್ಲಿ ನಿಲ್ಲಲು ಮಾವನಿಗೆ ಹೇಳಲೇ ಎಂದು ಕೇಳಿಕೊಂಡರೆ ನನ್ನಲ್ಲಿ ನೇರ ಉತ್ತರವಿಲ್ಲ, ಅದೇ ಕಸಿವಿಸಿ. ಹಸಿರನ್ನು ಒಂದೇ ಧರ್ಮಕ್ಕೆ ಬರೆದುಕೊಟ್ಟವರಿಗೆ ರಂಭಾಪುರಿ ಪೀಠದ ಬಣ್ಣವೂ ಹಸಿರೇ ಎಂದು ನೆನಪಿಸಬೇಕು. ಪಂಚಪೀಠಗಳ ಐದು ಬಣ್ಣದ ಧ್ವಜ ನಮ್ಮ ಎಷ್ಟೋ ಮಠಗಳ ಮೇಲಿದೆ. ಇಸ್ಲಾಮಿನಲ್ಲೂ ಒಂದೇ ಬಣ್ಣವೇನಿಲ್ಲ. ತುರ್ಕರ ಸಾಮ್ರಾಜ್ಯದಲ್ಲಿ ಪೈಗಂಬರರ ವಂಶಸ್ಥರಿಗೆ ಹಸಿರು ಪೇಟ ಮೀಸಲಿತ್ತು. ಇರಾನ್, ಇರಾಕ್‌ಗಳ ಶಿಯಾ ವಿದ್ವಾಂಸರಲ್ಲಿ ಅದೇ ವಂಶದವರು ಸುತ್ತುವುದು ಕಪ್ಪು, ಉಳಿದವರು ಬಿಳಿ. ದೆಹಲಿಯ ನಿಜಾಮುದ್ದೀನ್ ದರ್ಗಾದಲ್ಲಿ ವಸಂತದ ದಿನ ಖವ್ವಾಲರು ಹಳದಿ ತೊಟ್ಟು ಸಾಸಿವೆ ಹೂ ಹಿಡಿದು ಬರುತ್ತಾರೆ. ಹುಲಜಂತಿಯವರನ್ನು ಅವರ ಪಕ್ಕದಲ್ಲಿ ನಿಲ್ಲಿಸಿದರೆ ಫೋಟೋದಲ್ಲಿ ಬೇರ್ಪಡಿಸುವುದು ಕಷ್ಟ.

ಇನ್ನು ಕೆಂಪು ಹಳದಿ. ಭಂಡಾರ ಬಿದ್ದ ಕೆಂಪು ಮುಂಡಾಸಿನ ಕುರಿಗಾಹಿ ಜತ್ತ ತಾಲೂಕಿನ ಯಾವುದೋ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದರೆ ಅವನ ತಲೆಯ ಮೇಲೆ ಕನ್ನಡ ಬಾವುಟವೇ ಇದ್ದಂತೆ. ಮ. ರಾಮಮೂರ್ತಿಯವರು ಆ ಬಾವುಟ ರೂಪಿಸಿದ್ದೂ ಅರಿಸಿನ ಕುಂಕುಮದ ಲೆಕ್ಕದಲ್ಲೇ. ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿಯಾಗಲಿ, ಅದರ ಪರ ವಿರೋಧದ ಘೋಷಣೆಗಳಾಗಲಿ ಅವನ ಕುರಿಗೆ ಗೊತ್ತಿಲ್ಲ. ಆದರೆ ಅದೇ ಎರಡು ಬಣ್ಣದ ಶಾಲು ಹೊದ್ದು ನವೆಂಬರ್ ಒಂದರಂದು ನಮ್ಮೂರ ಚೌಕದಲ್ಲಿ ನಿಂತರೆ ಅದು ಬೇರೆಯೇ ಮಾತು. ನಮ್ಮ ಕಡೆಯ ಕನ್ನಡ ಸಭೆಗಳಲ್ಲಿ ಅತಿಥಿಗೆ ಜರಿಯ ಮೈಸೂರು ಪೇಟ ತೊಡಿಸುತ್ತಾರೆ. ಅದೇ ಅತಿಥಿಗೆ ಮುಂದಿನ ವಾರ ಮರಾಠಿ ಸಭೆಯಲ್ಲಿ ಕೊಲ್ಹಾಪುರಿ ಫೇಟಾ. ಎರಡೂ ಫೋಟೋಗಳನ್ನು ಒಂದೇ ಗೋಡೆಗೆ ಹಾಕಿದ ಮನೆಗಳನ್ನು ನಾನು ಬಲ್ಲೆ. ಗಡಿನಾಡಿನವರ ಜಾಣತನ ಅದು.

ಯಾರಿಗೆ ಕೇಳದೆ ಸುತ್ತುವ ಹಕ್ಕಿತ್ತು

ಇದನ್ನೆಲ್ಲ ಶಾಲೆಯ ವಿರಾಮದಲ್ಲಿ ಹೇಳುತ್ತಿದ್ದಾಗ ನನ್ನ ಸಹೋದ್ಯೋಗಿಯೊಬ್ಬರು ಡಬ್ಬಿ ಮುಚ್ಚುತ್ತ, "ಮೇಡಂ, ನಿಮ್ಮ ಮುತ್ಯಾನ ಬಿಳಿ ಚೆನ್ನಾಗಿದೆ. ನನ್ನ ಮುತ್ಯಾ ಊರ ಅಗಸಿ ಬಾಗಿಲಿನ ಒಳಗೆ ಮುಂಡಾಸು ಸುತ್ತುವಂತಿರಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಬಂದು, ಊರು ದಾಟಿದ ಮೇಲೆ ಸುತ್ತುತ್ತಿದ್ದ" ಎಂದರು. ಏಪ್ರಿಲ್ 14ಕ್ಕೆ ಸೊಲ್ಲಾಪುರದ ಬೀದಿಗಳಲ್ಲಿ ನೀಲಿ ಫೇಟಾಗಳ ಮೆರವಣಿಗೆ ಹೊರಡುತ್ತದೆ. ಅಂಬೇಡ್ಕರರ ಪಕ್ಷದ ಧ್ವಜದ ನೀಲಿ ಅದು. ಈ ಸಹೋದ್ಯೋಗಿ ಅದರಲ್ಲಿ ಪ್ರತಿ ವರ್ಷ ಇರುತ್ತಾರೆ. ಆ ನೀಲಿಯನ್ನು ಯಾವ ಜಾತ್ರೆಯೂ ಅವರ ತಲೆಯ ಮೇಲೆ ಎರಚಲಿಲ್ಲ, ಅದು ಆರಿಸಿಕೊಂಡದ್ದು. ದಲಿತ ಮದುಮಗ ಪೇಟ ಸುತ್ತಿ ಕುದುರೆ ಹತ್ತಿದ್ದಕ್ಕೆ ಹೊಡೆದ ಸುದ್ದಿ ರಾಜಸ್ಥಾನ, ಗುಜರಾತುಗಳಿಂದ ಈಗಲೂ ಬರುತ್ತಿರುವಾಗ, ಬಣ್ಣ ತಾನಾಗಿ ಬಂದು ಬೀಳಲಿ ಎಂದು ಕಾಯುವ ನನ್ನ ಬಾವಿ ಕಟ್ಟೆಯ ಸಿದ್ಧಾಂತ ಅವರಿಗೆ ಎಷ್ಟರ ಮಟ್ಟಿಗೆ ಒಗ್ಗೀತು? 2018ರಲ್ಲಿ ಪುಣೆಯ ಸಭೆಯೊಂದರಲ್ಲಿ ಶರದ್ ಪವಾರ್ ಮೇಲ್ಜಾತಿಯ ಗುರುತೆನಿಸಿದ ಪುಣೇರಿ ಪಗಡಿ ಬೇಡ, ಇನ್ನು ಮೇಲೆ ಮಹಾತ್ಮ ಫುಲೆಯವರ ಪಗಡಿ ತೊಡಿಸಿ ಎಂದಾಗ ಮಹಾರಾಷ್ಟ್ರದಲ್ಲೆಲ್ಲ ವಾದ ಎದ್ದಿತ್ತು. ರಾಜಕೀಯದ ಲೆಕ್ಕ ಅದರಲ್ಲಿ ಇದ್ದೇ ಇತ್ತು. ಆದರೂ ಯಾವ ಪಗಡಿಯ ಕೆಳಗೆ ಯಾರು ತಲೆ ಬಗ್ಗಿಸಿದ್ದರು ಎಂಬ ಪ್ರಶ್ನೆ ಸುಳ್ಳಾಗಿರಲಿಲ್ಲ.

ಹಾಗಾಗಿ ಆರಿಸಿಕೊಂಡ ಬಣ್ಣವೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ನನ್ನ ತಕರಾರು ಬಾಡಿಗೆಯ ಬಣ್ಣದ ಬಗ್ಗೆ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಹೊಲಿದು ಟೋಪಿಯಂತೆ ಮಾಡಿಟ್ಟ ಕೇಸರಿ ಫೇಟಾವನ್ನು ಬೆಳಿಗ್ಗೆ ಪಕ್ಷದ ಸಭೆಯಲ್ಲಿ ಹಂಚಿ, ಮಧ್ಯಾಹ್ನ ಮದುವೆಯಲ್ಲಿ ಹಂಚಿ, ಸಂಜೆ ಗಣಪತಿಯ ಮುಂದೆ ಹಂಚುತ್ತಾರೆ. ಕೇಸರಿ ಉಟ್ಟು ಸಾಯಲು ಹೊರಟವರ, ಕಾವಿ ಉಟ್ಟು ಮನೆ ಬಿಟ್ಟವರ ಬಣ್ಣ ಅದು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ಕಾವಿಯನ್ನೂ ಬಿಟ್ಟು ಬಿಳಿಯಲ್ಲೇ ಬದುಕಿ 2023ರ ಜನವರಿಯಲ್ಲಿ ಹೊರಟುಹೋದರು. ಬಣ್ಣದ ಭಾರ ತಿಳಿದವರು ಅದನ್ನು ಕೆಳಗಿಡುವುದೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೂ ಕಳೆದ ಗುಢಿ ಪಾಡ್ವದಂದು ತಮ್ಮನ ಮಗಳು ಒಂಬತ್ತು ಗಜದ ಸೀರೆ, ಮೂಗುತಿ, ಮೇಲೆ ಕೇಸರಿ ಫೇಟಾ ಕಟ್ಟಿಸಿಕೊಂಡು ಹುಡುಗಿಯರ ಬೈಕ್ ಮೆರವಣಿಗೆಗೆ ಹೊರಟು ನಿಂತಾಗ ನನಗೆ ಬೈಯಲು ಬಾಯಿ ಬರಲಿಲ್ಲ. ಅವಳು ಅಷ್ಟು ಚೆನ್ನಾಗಿ ಕಾಣುತ್ತಿದ್ದಳು. ಅವ್ವ ಬೈಯುತ್ತಾಳೆ ಎಂದುಕೊಂಡೆ. ಹೆಣ್ಣು ರುಮಾಲು ಸುತ್ತುವುದನ್ನು ಅವಳ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ಅವ್ವ ಕನ್ನಡಕ ಏರಿಸಿ ಮೊಮ್ಮಗಳ ತಲೆಯನ್ನು ಸುತ್ತಲೂ ನೋಡಿ, "ಇದನ್ನು ಯಾರು ಸುತ್ತಿದರು? ಗೇಟು ದಾಟುವುದರೊಳಗೆ ಬಿಚ್ಚಿಹೋಗುತ್ತದೆ" ಎಂದಳು. ಕುರ್ಚಿಯಲ್ಲಿ ಕೂರಿಸಿ ಪೂರ್ತಿ ಬಿಚ್ಚಿದಳು. ತುದಿಯನ್ನು ಹುಡುಗಿಯ ಹಲ್ಲಿಗೆ ಕೊಟ್ಟು ಕಚ್ಚಿ ಹಿಡಿಯಲು ಹೇಳಿ, ಎಳೆದು ಎಳೆದು, ಸುತ್ತಿನ ಮೇಲೆ ಸುತ್ತು ಕೂರಿಸಿದಳು. ಜೀವಮಾನದಲ್ಲಿ ಒಂದು ತಲೆಗೂ ಮುಂಡಾಸು ಕಟ್ಟಿದವಳಲ್ಲ. ತನ್ನ ಮಾವ, ನಮ್ಮ ಮುತ್ಯಾ, ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ನಿಂತು ಕಟ್ಟಿಕೊಳ್ಳುವುದನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದವಳು. ಎರಡನೆಯದು ಮೊದಲಿನದಕ್ಕಿಂತ ಬಿಗಿಯಾಗಿಯೂ ಚಂದವಾಗಿಯೂ ಕೂತಿತು. ಬಣ್ಣ ಮಾತ್ರ ಅವಳಿಗೆ ಹಿಡಿಸಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಸೆರಗಿನ ತುದಿಯನ್ನು ತಿಕ್ಕಿ ನೋಡಿ, ನಮ್ಮೂರ ಬಿಸಿಲಿಗೆ ಬೆವರಿದರೆ ಇದೆಲ್ಲ ಕುತ್ತಿಗೆಗೆ ಇಳಿಯುತ್ತದೆ, ಸಂಜೆ ಬಂದ ಕೂಡಲೇ ತಣ್ಣೀರಿಗೆ ಉಪ್ಪು ಹಾಕಿ ಬೇರೆ ಬಕೆಟಿನಲ್ಲಿ ನೆನೆಸು, ನನ್ನ ಸೀರೆಯ ಜೊತೆ ಹಾಕಬೇಡ ಎಂದಳು.